ಸರ್ಟಿಫಿಕೇಟ್‌ನಲ್ಲಿ ಒಂದು ಡೇಟ್, ಧಾರೆ ಇನ್ನೊಂದು ಡೇಟ್ – ಕೆನಡಾ ಸ್ಪೌಸ್ ಸ್ಪಾನ್ಸರ್‌ಶಿಪ್‌ಗೆ ಯಾವುದು ಬರೀಬೇಕು?

ಹಾಸನದಮಗಳು · 2025 ಜುಲೈ 6, ರಾತ್ರಿ 10:40

ಎಲ್ರಿಗೂ ನಮಸ್ಕಾರ. ತುಂಬಾ ದಿನದಿಂದ ಬರೀ ಓದ್ಕೊಂಡ್ ಹೋಗ್ತಿದ್ದೆ, ಇವತ್ತು ಕೇಳ್ಲೇಬೇಕು ಅಂತ ಬರೀತಿದೀನಿ, ಉದ್ದ ಆದ್ರೆ ಬೈಕೋಬೇಡಿ. ನಮ್ಮೆಜಮಾನ್ರು ಕೆನಡಾದ ಕಿಚನರ್‌ನಲ್ಲಿದ್ದಾರೆ, ಎಕ್ಸ್‌ಪ್ರೆಸ್ ಎಂಟ್ರಿಲಿ (ಓದು, ಕೆಲಸದ ಅನುಭವದ ಮೇಲೆ ಕೊಡೋದು) ಪಿಆರ್ ಅಂದ್ರೆ ಪರ್ಮನೆಂಟ್ ರೆಸಿಡೆಂಟ್ ಆಗಿದ್ದು. ನಾನು ಹಾಸನದಲ್ಲಿ ಅಮ್ಮನ ಮನೇಲಿ. ಕಳೆದ ನವೆಂಬರ್‌ನಲ್ಲಿ ಧಾರೆ ಆಯ್ತು. ಎಂಟು ತಿಂಗಳಲ್ಲಿ ಒಟ್ಟಿಗೆ ಇದ್ದಿದ್ದು ಲೆಕ್ಕ ಹಾಕಿದ್ರೆ 22 ದಿನ, ಅದ್ರಲ್ಲೂ ಅರ್ಧ ಬೀಗರ ಔತಣ, ಮನೆದೇವ್ರು, ನೆಂಟರ ಮನೆ ಊಟ. ಈಗ ಆಷಾಢ ಅಲ್ವಾ, ಬೀದೀಲಿ ಸಿಕ್ಕೋರೆಲ್ಲ "ಏನಮ್ಮ ಆಷಾಢಕ್ಕೆ ತವರಿಗೆ ಬಂದ್ಯಾ" ಅಂತಾರೆ. ನಾನು ಮದ್ವೆ ಆದಾಗಿಂದ ತವರಲ್ಲೇ ಇದೀನಿ, ಅದನ್ನ ಎಷ್ಟು ಜನಕ್ಕೆ ಬಿಡಿಸಿ ಹೇಳೋದು.

ಜನವರೀಲಿ ವಿಸಿಟರ್ ವೀಸಾ ಹಾಕಿದ್ವಿ, ವಾಪಸ್ ಹೋಗ್ತಾಳೆ ಅನ್ನೋ ನಂಬಿಕೆ ಇಲ್ಲ ಅಂತ ರಿಜೆಕ್ಟ್ ಆಯ್ತು. ಈಗ ಸೀದಾ ಸ್ಪಾನ್ಸರ್‌ಶಿಪ್ ಹಾಕೋಣ ಅಂತ. ಮೂರು ಡೌಟು.

ಒಂದು, ಇಲ್ಲಿಂದಾನೇ ಔಟ್‌ಲ್ಯಾಂಡ್ ಹಾಕೋದಾ, ಇಲ್ಲ ಇನ್ನೊಂದ್ಸಲ ವಿಸಿಟರ್ ಟ್ರೈ ಮಾಡಿ ಅಲ್ಲಿ ಹೋಗಿ ಇನ್‌ಲ್ಯಾಂಡ್ ಹಾಕೋದಾ. ಎರಡು, ಲಗ್ನಪತ್ರಿಕೆ ಪೂರ್ತಿ ಕನ್ನಡದಲ್ಲಿದೆ, ಟ್ರಾನ್ಸ್‌ಲೇಷನ್ ಬೇಕಾ. ಮೂರನೇದು ಚಿಕ್ಕದು, ನಮ್ಮ ಮ್ಯಾರೇಜ್ ಸರ್ಟಿಫಿಕೇಟ್‌ನಲ್ಲಿರೋ ಡೇಟ್ ಬೇರೆ, ಧಾರೆ ಡೇಟ್ ಬೇರೆ. ಫೋಟೋ ಎಲ್ಲಾ ನವೆಂಬರ್‌ದು. ಫಾರ್ಮಲ್ಲಿ ಯಾವ್ದು ಬರೀಲಿ?

ಮಿಸಿಸಾಗಾಮಾವ · ಜುಲೈ 6, ರಾತ್ರಿ 11:52

ಸ್ವಾಗತ ತಾಯಿ. ಮೊದ್ಲು ಎಲ್ರೂ ಕೇಳೋದನ್ನ ನಾನೇ ಹೇಳ್ಬಿಡ್ತೀನಿ. ಹೆಂಡ್ತಿನ ಕರೆಸ್ಕೊಳ್ಳೋಕೆ ಇಷ್ಟು ಸಂಬಳ ಇರ್ಲೇಬೇಕು ಅನ್ನೋ ರೂಲ್ ಸಾಮಾನ್ಯವಾಗಿ ಇಲ್ಲ, ಅದು ಅಪ್ಪ ಅಮ್ಮನ್ನ ಕರೆಸೋರಿಗೆ. ಸರ್ಕಾರದ ವೆಲ್ಫೇರ್ ದುಡ್ಡಲ್ಲಿ ಬದುಕ್ತಿರ್ಬಾರ್ದು ಅಷ್ಟೆ, ಅಂಗವೈಕಲ್ಯಕ್ಕೆ ಕೊಡೋದು ಲೆಕ್ಕಕ್ಕಿಲ್ಲ. ಪಿಆರ್ ಆದೋನು ಸ್ಪಾನ್ಸರ್ ಮಾಡ್ಬೇಕಾದ್ರೆ ಕೆನಡಾದಲ್ಲೇ ವಾಸ ಇರ್ಬೇಕು, ಹೆಂಡ್ತಿ ನೆನಪಾಗುತ್ತೆ ಅಂತ ವರ್ಷಗಟ್ಲೆ ಹಾಸನದಲ್ಲಿ ಬಂದು ಕೂತ್ರೆ ಫೈಲ್ ಬಿದ್ದೋಗುತ್ತೆ. ಸಿಟಿಜನ್‌ಗೆ ಮಾತ್ರ ಹೊರಗಿದ್ದು ಹಾಕೋ ಅವಕಾಶ, ಅದೂ ವಾಪಸ್ ಬಂದು ನೆಲೆಸ್ತೀನಿ ಅಂತ ತೋರಿಸಿದ್ರೆ.

ಫೀಸು 2024 ಏಪ್ರಿಲ್ 30ರಿಂದ ಸ್ಪಾನ್ಸರ್‌ಶಿಪ್‌ಗೆ 85, ಪ್ರೋಸೆಸಿಂಗ್ 545, ಪಿಆರ್ ಹಕ್ಕಿನ ಫೀಸು 575, ಒಟ್ಟು 1205 ಡಾಲರ್, ಬಯೋಮೆಟ್ರಿಕ್ಸ್‌ಗೆ ಇನ್ನೊಂದು 85.

ಔಟ್‌ಲ್ಯಾಂಡ್ ಹಾಕಿ ಅಂತೀನಿ ನಾನು. ಕಾರಣ ಒಂದೇ, ರಿಜೆಕ್ಟ್ ಆದ್ರೆ ಗಂಡ ಇಮಿಗ್ರೇಷನ್ ಅಪೀಲ್ ಡಿವಿಷನ್‌ಗೆ 30 ದಿನದೊಳಗೆ ಅಪೀಲ್ ಹೋಗ್ಬಹುದು. ಇನ್‌ಲ್ಯಾಂಡ್‌ಗೆ ಆ ಅಪೀಲ್ ಇಲ್ಲ, ಫೆಡರಲ್ ಕೋರ್ಟ್ ಬಾಗಿಲು ತಟ್ಬೇಕು, ಅದು ಬೇರೇನೇ ಖರ್ಚು. ಇನ್ನೊಂದು, ಇನ್‌ಲ್ಯಾಂಡ್ ಹಾಕಿ ಮಧ್ಯ ಯಾರಾದ್ರೂ ತೀರ್ಕೊಂಡ್ರು ಅಂತ ಇಂಡಿಯಾಗೆ ಹೋದ್ರೆ, ವಾಪಸ್ ಒಳಗೆ ಬಿಡ್ಲಿಲ್ಲ ಅಂದ್ರೆ ಅಪ್ಲಿಕೇಷನ್ನೇ ಹೋಯ್ತು.

ಕುಡ್ಲಟುಕ್ಯಾಲ್ಗರಿ · ಜುಲೈ 7, ಬೆಳಗ್ಗೆ 7:15

ನಾನು ಔಟ್‌ಲ್ಯಾಂಡೇ ಹಾಕಿ ಬಂದದ್ದು ಆಯ್ತಾ. ಸಾಕಷ್ಟು ಕಾಯ್ಲಿಕ್ಕುಂಟು, ಆದ್ರೆ ಕಾಯುವಾಗ ವಿಸಿಟರ್ ವೀಸಾ ಪುನಃ ಹಾಕ್ಲಿಕ್ಕೆ ಆಗ್ತದೆ. 2023 ಮೇ ತಿಂಗಳಲ್ಲಿ ಕೆನಡಾ ಇಮಿಗ್ರೇಷನ್‌ನವ್ರೇ ಹೇಳಿದ್ದು, ಸ್ಪಾನ್ಸರ್‌ಶಿಪ್ ಫೈಲ್ ಇರುವವರ ವಿಸಿಟರ್ ವೀಸಾ ಬೇಗ ನೋಡ್ತೇವೆ, ಅಲ್ಲಿ ಹೋಗಿ ಯಾವ ಕಂಪನಿಯಲ್ಲಾದ್ರೂ ಕೆಲ್ಸ ಮಾಡುವ ಓಪನ್ ವರ್ಕ್ ಪರ್ಮಿಟ್ ಕೂಡ ಕೇಳ್ಬಹುದು, ಇನ್‌ಲ್ಯಾಂಡ್ ಔಟ್‌ಲ್ಯಾಂಡ್ ಭೇದ ಇಲ್ಲ ಅಂತ. ಜನವರಿಯಲ್ಲಿ ನಿಮ್ಗೆ ರಿಜೆಕ್ಟ್ ಆದದ್ದು ಫೈಲ್ ಇಲ್ಲದೆ ಹಾಕಿದ್ದಕ್ಕೂ ಇರ್ಬಹುದು.

ಐಎಂಎಂ 5532 ಅಂತ ಒಂದು ಫಾರ್ಮ್ ಉಂಟು, ಎಲ್ಲ ಜೀವ ಅದ್ರಲ್ಲೇ ಇರೋದು. ಯಾರು ಪರಿಚಯ ಮಾಡಿದ್ದು, ಮೊದ್ಲು ಎಲ್ಲಿ ನೋಡಿದ್ದು, ಮದ್ವೆಗೆ ಯಾರೆಲ್ಲ ಬಂದಿದ್ರು, ಅಪ್ಪ ಅಮ್ಮ ಬರ್ಲಿಲ್ಲ ಆದ್ರೆ ಎಂತಕ್ಕೆ ಬರ್ಲಿಲ್ಲ. ನಮ್ದು ಅರೇಂಜ್ಡ್. ಹುಡುಗಿ ನೋಡ್ಲಿಕ್ಕೆ ಬಂದು ಒಂದೂವರೆ ಗಂಟೆ, ನಂತರ ಫೋನಲ್ಲಿ ಎರಡು ತಿಂಗಳು, ನಂತರ ಮದ್ವೆ. ನಾನು ಮೊದ್ಲು ಅದನ್ನ ಲವ್ ಸ್ಟೋರಿ ತರ ಬರ್ದಿದ್ದೆ ಮಾರಾಯ್ರೆ, ನಾಚಿಕೆ ಆಗ್ತದೆ ಈಗ ನೆನೆಸಿದ್ರೆ. ಗಂಡ ಓದಿ ನಗಾಡಿ ಅಳಿಸಿ ಹಾಕಿದ್ರು. ದಲ್ಲಾಳಿ ಯಾರು, ಜಾತಕ ಯಾರು ನೋಡಿದ್ದು, ಎಂತಕ್ಕೆ ಅಷ್ಟು ಅರ್ಜೆಂಟಲ್ಲಿ ಆದದ್ದು ಅಂದ್ರೆ ಅವ್ರಿಗೆ ಲೀವ್ ಇದ್ದದ್ದು 20 ದಿನ, ಅಷ್ಟೇ ಬರ್ದದ್ದು. ಚ್ಯಾಟ್ 10 ಪೇಜ್, ಫೋಟೋ 20, ಅದಕ್ಕಿಂತ ಜಾಸ್ತಿ ಕೇಳುದಿಲ್ಲ, 400 ಫೋಟೋ ಆಲ್ಬಂ ಸ್ಕ್ಯಾನ್ ಮಾಡ್ಲಿಕ್ಕೆ ಹೋಗ್ಬೇಡಿ.

ಧಾರವಾಡದಾಂವ · ಜುಲೈ 7, ಮಧ್ಯಾಹ್ನ 1:30

ಅಕ್ಕಾರ, ಟ್ರಾನ್ಸ್‌ಲೇಷನ್ ಬೇಕ್ರಿ. ಇಂಗ್ಲಿಷ್ ಇಲ್ಲಾ ಫ್ರೆಂಚ್ ಬಿಟ್ಟು ಬ್ಯಾರೆ ಏನ ಇದ್ರೂ ಬೇಕು, ಅನುವಾದ ಮಾಡಿದವರ ಅಫಿಡವಿಟ್ ಸುದ್ದಾ. ಮನಿಮಂದಿ ಮಾಡಂಗಿಲ್ಲ. ನಮ್ಮ ಕಾಕಾ ಇಂಗ್ಲಿಷ್ ಮಾಸ್ತರು, 31 ವರ್ಷ ಕಲಿಸ್ಯಾರ, "ನಾ ಮಾಡಿಕೊಡ್ತೇನಿ ಬಿಡೋ" ಅಂತ ಕುಂತ್ರು, ನಡಿಯಂಗಿಲ್ಲ ಕಾಕಾ ಅಂದ್ರ ಸಿಟ್ಟಾದ್ರು. ಆರು ತಿಂಗಳ ಮಾತಾಡ್ಲಿಲ್ಲ.

ಫೋಟೋ ಆರಿಸೂವಾಗ ಬರೇ ಗಂಡ ಹೆಂಡತಿ ಪೋಸ್ ಕೊಟ್ಟಿದ್ದ ಹಾಕಬ್ಯಾಡ್ರಿ. ಅಕ್ಷತಾ ಹಾಕೂ ಮುಂದ ಹಿಂದ ನಿಂತ ಮಂದಿ ಕಾಣೂವಂಥಾವು, ಊಟದ ಪಂಕ್ತಿ, ಎರಡೂ ಕಡೆ ಹಿರಿಯರು, ಇಂಥಾವು ಹಾಕ್ರಿ. ಕೆಳಗ ಯಾರ್ಯಾರು, ಯಾವತ್ತು, ಎಲ್ಲಿ ಅಂತ ಬರೀರಿ.

ಫೈಲ್‌ಹುಳು · ಜುಲೈ 7, ಸಂಜೆ 6:05

ಎಲ್ರೂ ಮೊದಲನೇ ಎರಡು ಪ್ರಶ್ನೆಗೆ ಉತ್ತರ ಕೊಟ್ರಿ, ಮೂರನೇದನ್ನ ಯಾರೂ ಮುಟ್ಟಿಲ್ಲ. ಸಿಸ್ಟರ್, ಅದು ಚಿಕ್ಕದಲ್ಲ. ಮೂರು ಡೇಟ್ ಹೇಳಿ: ಸರ್ಟಿಫಿಕೇಟ್‌ನಲ್ಲಿರೋ ಮದುವೆ ಡೇಟ್, ಧಾರೆ ಡೇಟ್, ಮತ್ತೆ ನಿಮ್ಮೆಜಮಾನ್ರು ಪಿಆರ್ ಆಗಿ ಲ್ಯಾಂಡ್ ಆಗಿದ್ ಡೇಟ್. ಬೇರೆ ಏನೂ ಬೇಡ ಸದ್ಯಕ್ಕೆ.

ಹಾಸನದಮಗಳು · ಜುಲೈ 7, ರಾತ್ರಿ 9:20

ಸರ್ಟಿಫಿಕೇಟ್‌ನಲ್ಲಿ 2024 ಜೂನ್ 21. ಅವ್ರು ಟೊರಾಂಟೋಲಿ ಇಳಿದಿದ್ದು ಜುಲೈ 14. ಧಾರೆ ನವೆಂಬರ್.

ಯಾಕೆ ಹಿಂಗಾಯ್ತು ಅಂದ್ರೆ, ನಿಶ್ಚಿತಾರ್ಥ ಆಗಿತ್ತು, ಅವ್ರ ಸಿಒಪಿಆರ್ (ಪಿಆರ್ ಮಂಜೂರಾದ ಪತ್ರ) ಬಂದ್ಬಿಡ್ತು, ಮೆಡಿಕಲ್ ರಿಪೋರ್ಟ್ ವ್ಯಾಲಿಡಿಟಿ ಮುಗಿಯೋ ಡೇಟ್‌ಗೆ ಮುಂಚೆ ಹೋಗ್ಲೇಬೇಕಿತ್ತು. ಕಳೆದ ವರ್ಷ ನೆನಪಿದ್ಯಲ್ಲ, ಶುಕ್ರಾಸ್ತ ಗುರು ಅಸ್ತ ಅಂತ ಮೇ ಜೂನ್‌ನಲ್ಲಿ ಮುಹೂರ್ತವೇ ಇರ್ಲಿಲ್ಲ, ಆಮೇಲೆ ಆಷಾಢ. ಛತ್ರದೋರು ಖಾಲಿ ಕೂತಿದ್ರು. ಪುರೋಹಿತ್ರು ಯಾವ ಕಾರಣಕ್ಕೂ ಆಗಲ್ಲ ಅಂದ್ರು. ಆಗ ಮಾವನವ್ರ ಪರಿಚಯದ ಏಜೆಂಟ್ ಒಬ್ರು, ರಿಜಿಸ್ಟರ್ ಮಾಡ್ಸಿಬಿಡಿ, ಹುಡುಗಿ ವೀಸಾಗೆ ಮುಂದೆ ಸುಲಭ ಆಗುತ್ತೆ, ಪೇಪರ್ ಹಳೇದಿದ್ದಷ್ಟೂ ಒಳ್ಳೇದು ಅಂದ್ರು. ಸಬ್ ರಿಜಿಸ್ಟ್ರಾರ್ ಆಫೀಸಲ್ಲಿ ಸೈನ್ ಹಾಕಿದ್ವಿ, ಹಾರ ಕೂಡ ಬದಲಾಯಿಸ್ಲಿಲ್ಲ, ಆಚೆ ಬಂದು ಮಸಾಲೆ ದೋಸೆ ತಿಂದು ಅವ್ರು ಅವ್ರ ಮನೆಗೆ ನಾವು ನಮ್ಮ ಮನೆಗೆ. ತಾಳಿ ಇಲ್ಲ, ಏನಿಲ್ಲ. ಅವತ್ತು ಸಂಜೆ ಅವ್ರು ಕಾಫಿಗೆ ಕರೆದ್ರೆ ನಮ್ಮಜ್ಜಿ ಬಿಡ್ಲಿಲ್ಲ, "ಮದ್ವೆ ಆಗ್ದೆ ಇರೋ ಹುಡುಗಿ ಒಬ್ಳೇ ಎಲ್ಲಿಗೆ ಹೋಗೋದು" ಅಂತ.

ಫೈಲ್‌ಹುಳು · ಜುಲೈ 7, ರಾತ್ರಿ 9:41

ಏರ್‌ಪೋರ್ಟಲ್ಲಿ ಆಫೀಸರ್ ಮ್ಯಾರಿಟಲ್ ಸ್ಟೇಟಸ್ ಕೇಳಿದಾಗ ಏನ್ ಹೇಳಿದ್ರು ಅಂತ ಅವ್ರನ್ನ ಕೇಳಿ. ಮತ್ತೆ ಜನವರಿ ವಿಸಿಟರ್ ಫಾರ್ಮ್‌ನಲ್ಲಿ ನೀವು ಯಾವ ಡೇಟ್ ಬರ್ದಿರಿ?

ಹಾಸನದಮಗಳು · ಜುಲೈ 7, ರಾತ್ರಿ 10:30

ಸಿಂಗಲ್ ಅಂದ್ರಂತೆ. ಆಗಿರ್ಲಿಲ್ವಲ್ಲ ಸರ್ ಮದ್ವೆ. ನಾನೂ ನವೆಂಬರ್ ಅಂತಾನೇ ಬರ್ದೆ, ನಮಗೆ ಮದ್ವೆ ಅಂದ್ರೆ ಅದೇ. ಏನಾದ್ರೂ ತೊಂದ್ರೆನಾ? ಅವ್ರು ಫೋನಲ್ಲಿ ಏನೂ ಆಗಲ್ಲ ಬಿಡು ಅಂತಿದಾರೆ ಆದ್ರೆ ಅವ್ರ ಧ್ವನಿ ಹಂಗಿಲ್ಲ.

ಫೈಲ್‌ಹುಳು · ಜುಲೈ 8, ಬೆಳಗ್ಗೆ 6:50

ರಾತ್ರಿ ಬರೆದ್ರೆ ನೀವು ನಿದ್ದೆ ಮಾಡಲ್ಲ ಅಂತ ಬೆಳಗ್ಗೆ ಬರೀತಿದೀನಿ.

ಕೆನಡಾ ಇಮಿಗ್ರೇಷನ್ ರೆಗ್ಯುಲೇಷನ್‌ನಲ್ಲಿ 117(9)(ಡಿ) ಅಂತ ಒಂದು ಕಲಂ ಇದೆ. ಒಬ್ಬ ಮನುಷ್ಯ ಪಿಆರ್ ಆಗೋ ಕ್ಷಣದಲ್ಲಿ ಅವನಿಗೆ ಹೆಂಡ್ತಿ ಇದ್ದು, ಅವಳನ್ನ ಫೈಲ್‌ನಲ್ಲಿ ತೋರಿಸ್ದೆ, ಅವಳ ಮೆಡಿಕಲ್ ಪರೀಕ್ಷೆ ಎಲ್ಲಾ ಆಗ್ದೆ ಹೋಗಿದ್ರೆ, ಅವಳನ್ನ ಮುಂದೆ ಫ್ಯಾಮಿಲಿ ಕ್ಲಾಸ್‌ನಲ್ಲಿ (ಮನೆಯೋರನ್ನ ಕರೆಸ್ಕೊಳ್ಳೋ ವರ್ಗ) ಸ್ಪಾನ್ಸರ್ ಮಾಡೋಕೆ ಆಗಲ್ಲ. ಅವಳು ಆವಾಗ ಜೊತೆಗೆ ಬರ್ತಾ ಇದ್ಳೋ ಇಲ್ವೋ ಅನ್ನೋದು ಮುಖ್ಯ ಅಲ್ಲ. ಅಲ್ಲಿ ಹೋಗಿ ಇನ್‌ಲ್ಯಾಂಡ್ ಹಾಕ್ತೀನಿ ಅಂದ್ರೂ ತಪ್ಪಿಸ್ಕೊಳ್ಳೋಕಾಗಲ್ಲ, ಆ ಕ್ಲಾಸ್‌ಗೂ ಇದೇ ಅರ್ಥದ್ದು 125ನೇ ಕಲಂನಲ್ಲಿದೆ. ಅಪೀಲ್‌ಗೆ ಹೋದ್ರೂ ಅಲ್ಲಿ ಮಾನವೀಯ ನೆಲೆ ವಾದ ನಡೆಯಲ್ಲ, ಯಾಕಂದ್ರೆ ನೀವು ಫ್ಯಾಮಿಲಿ ಕ್ಲಾಸಿಗೇ ಸೇರಲ್ಲ ಅಂತಾಗುತ್ತೆ. 2019 ಸೆಪ್ಟೆಂಬರ್‌ನಲ್ಲಿ ಒಂದು ರಿಯಾಯ್ತಿ ತಂದ್ರು, ಆದ್ರೆ ಅದು ನಿರಾಶ್ರಿತರಾಗಿ ಬಂದೋರಿಗೆ, ತಾವೇ ಸ್ಪಾನ್ಸರ್ ಆಗಿ ಬಂದೋರಿಗೆ. ಎಕ್ಸ್‌ಪ್ರೆಸ್ ಎಂಟ್ರಿ ಇಂಜಿನಿಯರ್‌ಗೆ ಅದು ಇಲ್ಲ.

ಸಿಒಪಿಆರ್ ಬಂದ್ಮೇಲೆ ಮದ್ವೆ ಆದ್ರೆ ಲ್ಯಾಂಡ್ ಆಗೋ ಮುಂಚೆ ಒಂದು ವೆಬ್‌ಫಾರ್ಮ್ ಹಾಕಿ ಹೇಳ್ಬೇಕು. ಆರು ತಿಂಗಳು ತಡ ಆಗುತ್ತೆ ಅನ್ನೋ ಭಯಕ್ಕೆ ಯಾರೂ ಹಾಗೆ ತಿಳಿಸಲ್ಲ. ಅಥವಾ ಲ್ಯಾಂಡ್ ಆಗಿ ಆಮೇಲೆ ಮದ್ವೆ ಆಗ್ಬೇಕು. ನಿಮ್ಮೋರು ಎರಡರ ಮಧ್ಯ ಸಿಕ್ಕಾಕೊಂಡಿದ್ದಾರೆ. "ಪೇಪರ್ ಹಳೇದಿದ್ದಷ್ಟೂ ಒಳ್ಳೇದು" ಅಂದ ಆ ಮಹಾನುಭಾವ ಸಿಕ್ರೆ ನನ್ನ ನಮಸ್ಕಾರ ತಿಳಿಸಿ.

ಮಿಸಿಸಾಗಾಮಾವ · ಜುಲೈ 8, ಬೆಳಗ್ಗೆ 8:10

ಅಯ್ಯೋ. ನಾನು ಡೇಟ್ ವಿಷ್ಯ ಓದೇ ಮುಂದೆ ಹೋದ್ನಲ್ಲ. ತಾಯಿ, ಹೆದರ್ಬೇಡ, ಆದ್ರೆ ಲೈಸೆನ್ಸ್ ಇರೋ ಲಾಯರ್ ಹತ್ರ ಹೋಗ್ದೆ ಒಂದು ಫಾರ್ಮೂ ತುಂಬ್ಬೇಡ ಈಗ.

ರಾಜಾಜಿನಗರಬಾಯ್ · ಜುಲೈ 8, ಬೆಳಗ್ಗೆ 11:25

ಇಷ್ಟು ತಲೆ ಕೆಡಿಸ್ಕೊಳೋದ್ಯಾಕೆ ಗೊತ್ತಾಗ್ತಿಲ್ಲ. ಜೂನ್ ಸರ್ಟಿಫಿಕೇಟ್ ಹರಿದು ಬಿಸಾಕಿ. ನವೆಂಬರ್ ಛತ್ರದ ರಸೀದಿ, ಲಗ್ನಪತ್ರಿಕೆ ಇದ್ಯಲ್ಲ, ಬೇರೆ ಊರಿನ ಸಬ್ ರಿಜಿಸ್ಟ್ರಾರ್ ಆಫೀಸಲ್ಲಿ ಹೊಸದು ಮಾಡ್ಸಿ. ಕೆನಡಾದೋರು ಹಾಸನಕ್ಕೆ ಬಂದು ಚೆಕ್ ಮಾಡ್ತಾರಾ?

ಹಾಸನದಮಗಳು · ಜುಲೈ 8, ಮಧ್ಯಾಹ್ನ 12:02

ನಮ್ಮತ್ತೆನೂ ಇದನ್ನೇ ಹೇಳಿದ್ರು ಬೆಳಗ್ಗೆ. ಸಕಲೇಶಪುರದಲ್ಲಿ ಯಾರೋ ಗೊತ್ತಿದಾರಂತೆ.

ಕುಡ್ಲಟುಕ್ಯಾಲ್ಗರಿ · ಜುಲೈ 8, ಮಧ್ಯಾಹ್ನ 12:40

ಬೇಡ ಬೇಡ ಬೇಡ. ಈಗ ನೀವು ಮಾಡಿದ್ದು ಗೊತ್ತಿಲ್ಲದೆ ಆದ ತಪ್ಪು ಹೇಳ್ಲಿಕ್ಕಾದ್ರೂ ಉಂಟು. ಹೊಸ ಕಾಗದ ಮಾಡಿಸಿದ್ರೆ ಗೊತ್ತಿದ್ದೇ ಮಾಡಿದ್ದು ಅಂತ ಆಯ್ತು. ಸಿಕ್ಕಿಬಿದ್ರೆ ಮಿಸ್‌ರೆಪ್ರೆಸೆಂಟೇಷನ್, ಅಂದ್ರೆ ಸುಳ್ಳು ಮಾಹಿತಿ ಕೊಟ್ಟದ್ದು ಅಂತ, 5 ವರ್ಷ ನಿಮ್ಗೆ ಬಾಗಿಲು ಬಂದ್, ಅವರ ಪಿಆರ್ ಕೂಡ ಕಿತ್ಕೊಳ್ಲಿಕ್ಕೆ ಆಗ್ತದೆ.

ಫೈಲ್‌ಹುಳು · ಜುಲೈ 8, ಮಧ್ಯಾಹ್ನ 1:15

ಮತ್ತೆ "ಬಂದು ಚೆಕ್ ಮಾಡ್ತಾರಾ" ಅನ್ನೋರಿಗೆ. ಪಾಸ್‌ಪೋರ್ಟ್‌ನಲ್ಲಿ ಸ್ಪೌಸ್ ಹೆಸರು ಸೇರಿಸಿದ ಡೇಟ್, ಕಂಪನಿ ಇನ್ಶೂರೆನ್ಸ್‌ಗೆ ಹೆಂಡ್ತಿ ಹೆಸರು ಹಾಕಿದ ಡೇಟ್, ಬ್ಯಾಂಕ್ ನಾಮಿನಿ, ಇವೆಲ್ಲ ಆ ಹಳೇ ಸರ್ಟಿಫಿಕೇಟ್ ಮೇಲೆ ಆಗಿರುತ್ತೆ. ಒಂದು ಸುಳ್ಳಿಗೆ ಎಷ್ಟು ಕಡೆ ತೇಪೆ ಹಾಕ್ತೀರ?

ಹಾಸನದಮಗಳು · ಜುಲೈ 8, ಮಧ್ಯಾಹ್ನ 2:30

ಪಾಸ್‌ಪೋರ್ಟ್‌ಗೆ ಆಗಸ್ಟ್‌ನಲ್ಲೇ ಹಾಕ್ಸಿದ್ದೆ. ಸರಿ. ಹೊಸ ಸರ್ಟಿಫಿಕೇಟ್ ಮಾಡ್ಸಲ್ಲ.

ಜಯನಗರ4ನೇಬ್ಲಾಕ್ · ಜುಲೈ 8, ರಾತ್ರಿ 8:45

ಮಧ್ಯ ಬಂದು ಬೇರೆ ವಿಷ್ಯ ಕೇಳ್ತಿದೀನಿ, ಸಿಸ್ಟರ್ ಕ್ಷಮಿಸ್ಬೇಕು, ಆದ್ರೆ ಇಲ್ಲಿ ತಿಳಿದೋರು ಇದಾರೆ ಅನ್ನಿಸ್ತು. ನಮ್ದು ಮದ್ವೆ ಪ್ರಶ್ನೇನೇ ಬರಲ್ಲ, ಇಬ್ರೂ ಗಂಡಸರು. 2023 ಅಕ್ಟೋಬರ್ 17ಕ್ಕೆ ಸುಪ್ರೀಂ ಕೋರ್ಟ್ ಇಲ್ಲ ಅಂತು, ಅವತ್ತು ಇಬ್ರೂ ಆಫೀಸಿಗೆ ರಜ ಹಾಕಿ ಟಿವಿ ಮುಂದೆ ಕೂತಿದ್ವಿ. ಅವನು ಈಗ ಟೊರಾಂಟೋಲಿ ಪಿಆರ್, ಹೋಗೋವಾಗ ನನ್ನ ಹೆಸರು ಕಾಮನ್ ಲಾ ಪಾರ್ಟ್ನರ್ (ಮದ್ವೆ ಆಗ್ದೆ ಒಟ್ಟಿಗೆ ಸಂಸಾರ ಮಾಡೋರು) ಅಂತ ಫೈಲ್‌ನಲ್ಲಿ ಹಾಕಿದ್ದ, ಜೊತೆಗೆ ಬರ್ತಿಲ್ಲ ಅಂತ. ನನ್ನ ಮೆಡಿಕಲ್ಲೂ ಆವಾಗ್ಲೇ ಆಗಿದೆ. ಈಗ 12 ತಿಂಗಳು ಒಟ್ಟಿಗೆ ಇದ್ದಿದ್ದಕ್ಕೆ ಇನ್ನೂ ಪ್ರೂಫ್ ಬೇಕು. ನಾವು ಇದ್ದಿದ್ದು ಮೂರು ವರ್ಷ. ಆದ್ರೆ ಬೆಂಗ್ಳೂರಿನ ರೆಂಟಲ್ ಅಗ್ರಿಮೆಂಟ್ 11 ತಿಂಗಳು, ಅದೂ ಅವನ ಹೆಸರಲ್ಲಿ ಮಾತ್ರ, ಕರೆಂಟ್ ಬಿಲ್ ಓನರ್ ಹೆಸರಲ್ಲಿ. ಓನರ್ ಆಂಟಿಗೆ ನಾವು ಕಸಿನ್ಸ್ ಅಂತ ಹೇಳಿದ್ವಿ.

ಫೈಲ್‌ಹುಳು · ಜುಲೈ 8, ರಾತ್ರಿ 9:30

ಅವರು ನಿಮ್ಮನ್ನ ತೋರಿಸಿ ಹೋಗಿದ್ದೇ ದೊಡ್ಡ ಕೆಲ್ಸ, ಮೇಲಿನ ಕಥೆ ಓದಿದ್ರೆ ಗೊತ್ತಾಗುತ್ತೆ ಅದರ ಬೆಲೆ. 11 ತಿಂಗಳ ಅಗ್ರಿಮೆಂಟ್ ಎಲ್ಲಾ ಬೆಂಗ್ಳೂರಿನೋರ ತಲೆನೋವು, ರಿನ್ಯೂವಲ್‌ಗಳನ್ನ ಸಾಲಾಗಿ ಇಡಿ. ನಿಮ್ಮ ಹೆಸರಿಗೆ ಆ ಅಡ್ರೆಸ್‌ಗೆ ಏನೇನು ಬಂದಿದೆ ಹುಡುಕಿ: ಬ್ಯಾಂಕ್ ಸ್ಟೇಟ್‌ಮೆಂಟ್, ಆಧಾರ್, ವೋಟರ್ ಐಡಿ, ಆಫೀಸ್ ಎಚ್‌ಆರ್ ದಾಖಲೆ, ಇಂಟರ್ನೆಟ್ ಬಿಲ್, ಊಟದ ಆರ್ಡರ್ ಹಿಸ್ಟರಿ ಕೂಡ. ಬಾಡಿಗೆಗೆ ಅವರಿಗೆ ನೀವು ಪ್ರತಿ ತಿಂಗಳು ಅರ್ಧ ಹಾಕ್ತಿದ್ದ ಯುಪಿಐ ಇದ್ರೆ ಅದು ಚಿನ್ನ.

ಮನೆಯೋರಿಗೆ ಗೊತ್ತಾ ಅಂತ 5532ರಲ್ಲಿ ಕೇಳ್ತಾರೆ. ಗೊತ್ತಿಲ್ಲ ಅಂದ್ರೆ ಗೊತ್ತಿಲ್ಲ ಅಂತ ಬರೆದು ಯಾಕೆ ಹೇಳಿಲ್ಲ ಅಂತ ನಾಲ್ಕು ಸಾಲು ಬರೀರಿ. ಗೊತ್ತಿರೋ ಫ್ರೆಂಡ್ಸ್ ಇಬ್ಬರು ಮೂವರ ಪತ್ರ ಹಾಕಿ. ಓನರ್ ಆಂಟಿ ಪತ್ರ ಬೇಡ, "ಕಸಿನ್ಸ್" ಅಂತ ಬರೆದು ಕೊಟ್ಟುಬಿಟ್ರೆ ಕಷ್ಟ.

ಜಯನಗರ4ನೇಬ್ಲಾಕ್ · ಜುಲೈ 8, ರಾತ್ರಿ 9:48

ಯುಪಿಐ ಇದೆ. 36 ತಿಂಗಳದ್ದೂ ಇದೆ. ಪ್ರತಿ ಸಲ ಅವನು ನೋಟ್‌ನಲ್ಲಿ "ಮನೆ" ಅಂತ ಹಾಕು ಅಂತಿದ್ದ, ನಾನು ಬೈತಿದ್ದೆ.

ಧಾರವಾಡದಾಂವ · ಜುಲೈ 9, ಬೆಳಗ್ಗೆ 9:00

ಹಾಸನದ ಅಕ್ಕಾರ, ನಿನ್ನೆ ಇಡೀ ದಿವ್ಸ ನಿಮ್ಮ ವಿಚಾರನ ಮಾಡಾಕತ್ತಿದ್ದೆ. ನಮ್ಮ ಮಾವ ಹೈಕೋರ್ಟಿನ್ಯಾಗ ವಕೀಲರು, ಹೆಸರು ಹೇಳದ ಕೇಳಿದೆ. ಅವ್ರು ಒಂದ ಮಾತ ಕೇಳಿದ್ರು: "ತಾಳಿ ಕಟ್ಟಿದ್ರೇನು ಜೂನ್ ತಿಂಗಳದಾಗ?" ಇಲ್ಲಂತ್ರಿ ಅಂದೆ. "ಹಂಗಾದ್ರ ಅದು ಮದುವಿನ ಅಲ್ಲ" ಅಂದ್ರು.

2024 ಏಪ್ರಿಲ್ 19ಕ್ಕ ಸುಪ್ರೀಂ ಕೋರ್ಟ್ ತೀರ್ಪು ಐತಂತ, ನ್ಯಾಯಮೂರ್ತಿ ಬಿ.ವಿ. ನಾಗರತ್ನ, ನಮ್ಮ ಕರ್ನಾಟಕದವರ, ಮತ್ತ ನ್ಯಾಯಮೂರ್ತಿ ಆಗಸ್ಟಿನ್ ಜಾರ್ಜ್ ಮಸೀಹ್. ಇಬ್ರು ಪೈಲಟ್ ಹುಡುಗ ಹುಡುಗಿ, ಶಾಸ್ತ್ರ ಆಗೂಕಿಂತ ಮೊದಲ ಸರ್ಟಿಫಿಕೇಟ್ ಮಾಡಿಸಿ ರಿಜಿಸ್ಟರ್ ಮಾಡಿಸಿದ್ರು, ಆಮ್ಯಾಲೆ ಜಗಳಾತು. ಹಿಂದೂ ವಿವಾಹ ಕಾಯ್ದೆ 7ನೇ ಕಲಂ ಪ್ರಕಾರ ಶಾಸ್ತ್ರ ಸಂಪ್ರದಾಯದಂಗ ಮದುವಿ ನಡೀಬೇಕು, 8ನೇ ಕಲಂ ರಿಜಿಸ್ಟ್ರೇಷನ್ ಅನ್ನೂದು ನಡೆದ ಮದುವಿಗೆ ಸಾಕ್ಷಿ ಅಷ್ಟ, ನಡೀಲಾರದ ಮದುವಿಗೆ ಜೀವ ಕೊಡಂಗಿಲ್ಲ ಅಂತ ಬರದಾರ. ವೀಸಾ ಸಲುವಾಗಿ ಮೊದಲ ರಿಜಿಸ್ಟರ್ ಮಾಡಸೂ ಚಾಳಿನೂ ಅದರಾಗ ಎತ್ತಿ ಆಡ್ಯಾರ.

ಫೈಲ್‌ಹುಳು · ಜುಲೈ 9, ಬೆಳಗ್ಗೆ 10:20

ಧಾರವಾಡದಣ್ಣ, ಇದು ದೊಡ್ಡ ಬಾಗಿಲು. ಹೊರದೇಶದಲ್ಲಿ ಆದ ಮದುವೆನ ಕೆನಡಾ ಒಪ್ಬೇಕಾದ್ರೆ ಅದು ಆ ದೇಶದ ಕಾನೂನಿನಲ್ಲೂ ಸಿಂಧು ಆಗಿರ್ಬೇಕು, ಕೆನಡಾ ಕಾನೂನಿನಲ್ಲೂ ಆಗಿರ್ಬೇಕು. ಭಾರತದಲ್ಲೇ ಜೂನ್ 21ರದ್ದು ಮದುವೆ ಅಲ್ಲ ಅಂದ್ರೆ ಜುಲೈ 14ಕ್ಕೆ ಆತ ನಿಜವಾಗ್ಲೂ ಸಿಂಗಲ್, 117(9)(ಡಿ) ಅನ್ವಯ ಆಗಲ್ಲ ಅಂತ ವಾದ ಮಾಡ್ಬಹುದು. ಆಫೀಸರ್ ಒಪ್ಲೇಬೇಕು ಅಂತಿಲ್ಲ. ನಿಮ್ಮ ಕೈಲೇ ಸರ್ಕಾರಿ ಸರ್ಟಿಫಿಕೇಟ್ ಇದೆ ಅನ್ನೋದು ಎದುರಿಗೆ ನಿಲ್ಲುತ್ತೆ.

ಒಂದು ಕೆಟ್ಟ ಪ್ರಶ್ನೆ ಸಿಸ್ಟರ್. ರಿಜಿಸ್ಟರ್ ಮಾಡ್ಸೋಕೆ ಮೆಮೊರಾಂಡಮ್‌ನಲ್ಲಿ ಮದುವೆ ಎಲ್ಲಿ ಆಯ್ತು ಅಂತ ಬರೆಸಿದ್ರಿ?

ಹಾಸನದಮಗಳು · ಜುಲೈ 9, ರಾತ್ರಿ 11:10

ದೇವಸ್ಥಾನ ಅಂತ. ಏಜೆಂಟ್ ತುಂಬಿದ್ರು, ನಾವು ಸೈನ್ ಹಾಕಿದ್ವಿ. ಓದ್ಲಿಲ್ಲ. ಓದಿದ್ರೂ ಆವತ್ತು ಸೈನ್ ಹಾಕ್ತಿದ್ವೇನೋ, ಸುಳ್ಳು ಯಾಕೆ ಹೇಳ್ಲಿ.

ಇವತ್ತು ಮನೇಲಿ ಎಲ್ರೂ ಕೂತು ಮಾತಾಡಿದ್ವಿ. ಅತ್ತೆ ಅತ್ರು. ಮಾವನವ್ರು ಏಜೆಂಟ್‌ಗೆ ಫೋನ್ ಮಾಡಿದ್ರೆ ಅವ್ರು ನಾನೇನ್ ಬಲವಂತ ಮಾಡಿದ್ನಾ ಅಂದ್ರಂತೆ. ನಮ್ಮೆಜಮಾನ್ರು ಟೊರಾಂಟೋಲಿ ಒಬ್ರು ಇಮಿಗ್ರೇಷನ್ ಲಾಯರ್ ಅಪಾಯಿಂಟ್‌ಮೆಂಟ್ ತಗೊಂಡಿದಾರೆ. ಇಲ್ಲೂ ಒಬ್ರನ್ನ ನೋಡ್ತೀವಿ. ಸ್ವಲ್ಪ ದಿನ ಇಲ್ಲಿಗೆ ಬರಲ್ಲ.

ಬೆಳಗಾವಿಕುಂದಾ · ಆಗಸ್ಟ್ 19

ಇದನ್ನ ಓದಿ ನನ್ನ ತಮ್ಮಗ ಫೋನ್ ಹಚ್ಚಿದೆ. ಅವಂದು ಸಿಒಪಿಆರ್ ಬಂದೈತಿ, ಮುಂದಿನ ವಾರ ರಿಜಿಸ್ಟರ್ ಮಾಡಸೂದಿತ್ತು. ನಿಲ್ಲಿಸೀವಿ. ಹೋಗಿ ಲ್ಯಾಂಡ್ ಆಗಿ ಬಂದು ಮದುವಿ ಆಗ್ಲಿ ಅಂತ. ಹುಡುಗಿ ಮನಿಯವರು ಏನೇನೋ ಅಂದ್ರು, ಅನ್ಲಿ.

ಮೈಸೂರ್‌ಪಾಕ್ · ಅಕ್ಟೋಬರ್ 3

ಡೌಟು: ಸ್ಪಾನ್ಸರ್ ಮಾಡೋರು ಬರ್ಕೊಡೋ 3 ವರ್ಷದ ಅಂಡರ್‌ಟೇಕಿಂಗ್ ಅಂದ್ರೆ ಮಧ್ಯ ಡೈವೋರ್ಸ್ ಆದ್ರೆ ಹೆಂಡ್ತಿನ ವಾಪಸ್ ಕಳಿಸ್ತಾರಾ? ನನ್ನ ಅಕ್ಕನ ಗಂಡ ಇದನ್ನೇ ಹೇಳಿ ಹೆದರಿಸ್ತಾನೆ.

ಕುಡ್ಲಟುಕ್ಯಾಲ್ಗರಿ · ಅಕ್ಟೋಬರ್ 3

ಸುಳ್ಳು. ಎರಡು ವರ್ಷ ಒಟ್ಟಿಗೆ ಇರ್ಲೇಬೇಕು ಅನ್ನುವ ಕಂಡಿಷನ್ 2012ರಲ್ಲಿ ತಂದದ್ದು, 2017 ಏಪ್ರಿಲ್‌ನಲ್ಲಿ ತೆಗ್ದಾಯ್ತು. ಅಂಡರ್‌ಟೇಕಿಂಗ್ ಅಂದ್ರೆ ಅವಳು ಪಿಆರ್ ಆದ ದಿನದಿಂದ 3 ವರ್ಷ ಅವಳ ಖರ್ಚು *ಅವನ* ಜವಾಬ್ದಾರಿ, ಬಿಟ್ರೂ ಡೈವೋರ್ಸ್ ಆದ್ರೂ ಅವನಿಗೇ ಅದು. ಅಕ್ಕನ ಪಿಆರ್ ಅಕ್ಕಂದೇ. ಮನೆಯಲ್ಲಿ ಹೊಡೆತ ಬಡಿತ ಉಂಟಾದ್ರೆ ನಂಗೆ ಮೆಸೇಜ್ ಮಾಡ್ಲಿ, ರಾತ್ರಿ ಆದ್ರೂ ಅಡ್ಡಿಲ್ಲ. ಇನ್ನೂ ಪಿಆರ್ ಆಗದೆ ಅಲ್ಲಿ ಸಿಕ್ಕಿಕೊಂಡವರಿಗೂ 2019ರಿಂದ ಫೀಸಿಲ್ಲದ ಟೆಂಪರರಿ ಪರ್ಮಿಟ್ ಉಂಟು.

ಹಾಸನದಮಗಳು · 2026 ಫೆಬ್ರವರಿ 22, ರಾತ್ರಿ 9:15

ನಮಸ್ಕಾರ, ಮತ್ತೆ ಬಂದೆ. ತುಂಬಾ ಜನ ಮೆಸೇಜ್ ಮಾಡಿದ್ರಿ, ಉತ್ತರ ಕೊಡೋ ಸ್ಥಿತೀಲಿ ಇರ್ಲಿಲ್ಲ.

ಎರಡೂ ಕಡೆ ಲಾಯರ್ ಒಟ್ಟಿಗೆ ಕೆಲ್ಸ ಮಾಡಿದ್ರು. ಇಲ್ಲಿ ಫ್ಯಾಮಿಲಿ ಕೋರ್ಟ್‌ನಲ್ಲಿ, ಜೂನ್ 21ಕ್ಕೆ ಯಾವ ಶಾಸ್ತ್ರನೂ ನಡೆದಿಲ್ಲ, ಅದು ಮದುವೆ ಅಲ್ಲ ಅಂತ ಘೋಷಣೆ ಮಾಡಿ ಅಂತ ಹಾಕಿದ್ವಿ. ವಿಚಿತ್ರ ಅನ್ಸುತ್ತೆ, ಗಂಡ ಹೆಂಡ್ತಿ ಇಬ್ರೂ ಸೇರಿ ನಾವು ಆವತ್ತು ಮದ್ವೆ ಆಗಿರ್ಲಿಲ್ಲ ಅಂತ ಕೋರ್ಟ್‌ಗೆ ಹೋಗೋದು. ಮೆಮೊರಾಂಡಮ್‌ನಲ್ಲಿ ಸುಳ್ಳು ಬರೆಸಿದ್ದಕ್ಕೆ ಜಡ್ಜ್ ಇಬ್ರಿಗೂ ಸರಿಯಾಗಿ ಉಗಿದ್ರು, ತಲೆ ಬಗ್ಗಿಸಿ ಕೇಳಿಸ್ಕೊಂಡ್ವಿ. ಡಿಕ್ರಿ ಬಂತು. ಆಮೇಲೆ ನವೆಂಬರ್ ಧಾರೆನ ರಿಜಿಸ್ಟರ್ ಮಾಡ್ಸಿದ್ವಿ, ಈ ಸಲ ಪ್ರತಿ ಅಕ್ಷರ ಓದಿ ಸೈನ್ ಹಾಕ್ದೆ, ಕ್ಲರ್ಕ್ ಬೇಗ ಮುಗ್ಸಿ ಅಂತಿದ್ರು.

ಮೊನ್ನೆ ಫೈಲ್ ಹಾಕಿದ್ವಿ, ಔಟ್‌ಲ್ಯಾಂಡ್. ಹಳೇ ಸರ್ಟಿಫಿಕೇಟ್, ಡಿಕ್ರಿ, ಹೊಸ ಸರ್ಟಿಫಿಕೇಟ್, ಏಜೆಂಟ್ ಹೇಳಿದ್ದು, ದೋಸೆ ತಿಂದಿದ್ದು, ಏರ್‌ಪೋರ್ಟಲ್ಲಿ ಸಿಂಗಲ್ ಅಂದಿದ್ದು, ಯಾವ್ದೂ ಮುಚ್ಚಿಟ್ಟಿಲ್ಲ. ಒಪ್ಪದೇ ಹೋದ್ರೆ ಮಾನವೀಯ ನೆಲೆಯಲ್ಲಿ ಕೆನಡಾ ಇಮಿಗ್ರೇಷನ್ ಕಾಯ್ದೆ 25ನೇ ಸೆಕ್ಷನ್ ಪ್ರಕಾರ ನೋಡಿ ಅಂತ ಅದ್ರಲ್ಲೇ ಕೇಳಿದೀವಿ. ಖರ್ಚು ಕೇಳ್ಬೇಡಿ, ನನ್ನ ಎರಡು ಬಳೆ ಹೋಯ್ತು.

ಅಜ್ಜಿ ವಿಷ್ಯ ಹೇಳ್ಲೇಬೇಕು. ಟೊರಾಂಟೋ ಲಾಯರ್ ಮನೆಯೋರ ಅಫಿಡವಿಟ್ ಬೇಕು, ಜೂನ್‌ನಿಂದ ನವೆಂಬರ್‌ವರೆಗೆ ನಿಮ್ಮನ್ನ ಮನೇಲಿ ಯಾರೂ ಗಂಡ ಹೆಂಡ್ತಿ ಅಂತ ನೋಡ್ಲಿಲ್ಲ ಅನ್ನೋಕೆ ಅಂದ್ರು. ನಾನು ಕಾಫಿ ಕಥೆ ಹೇಳ್ದೆ. ಅವ್ರು ಫೋನಲ್ಲಿ ಒಂದು ನಿಮಿಷ ಸುಮ್ನಾಗಿ, ಆ ಅಜ್ಜಿ ಅಫಿಡವಿಟ್ ಮೊದ್ಲು ಬೇಕು ಅಂದ್ರಂತೆ. 81 ವರ್ಷ, ನೋಟರಿ ಹತ್ರ ಆಟೋದಲ್ಲಿ ಕರ್ಕೊಂಡ್ ಹೋದ್ವಿ, ಕನ್ನಡದಲ್ಲಿ ಬರೆಸಿ ಓದಿ ಹೇಳಿದ್ರು. ಎಲ್ಲಾ ಕೇಳಿ "ಮಾರನೇ ದಿನ ಅವನು ಮೈಸೂರ್‌ಪಾಕ್ ತಗೊಂಡು ಬಂದಾಗ್ಲೂ ಜಗಲೀಲೇ ಕೂರಿಸಿದ್ದೆ, ಒಳಗೆ ಬಿಡ್ಲಿಲ್ಲ, ಅದನ್ನೂ ಬರೀರಿ" ಅಂದ್ರು. ಬರೆದ್ರು. ಈಗ ಲ್ಯಾಂಡ್‌ಲೈನ್ ರಿಂಗ್ ಆದ್ರೆ ಸಾಕು, ಕೆನಡಾದೋರಾ, ನಂಗೆ ಕೊಡು ಅಂತಾರೆ.

ಧಾರವಾಡದಾಂವ · ಫೆಬ್ರವರಿ 22

ಅಜ್ಜಿಗೆ ನಂದೊಂದು ನಮಸ್ಕಾರ ಹೇಳ್ರಿ ಅಕ್ಕಾರ. ಮಾವಗೂ ತೋರಿಸಿದೆ, ನಕ್ರು.

ಜಯನಗರ4ನೇಬ್ಲಾಕ್ · ಫೆಬ್ರವರಿ 22

ನಂಗೆ ಕಳೆದ ವಾರ ಪಾಸ್‌ಪೋರ್ಟ್ ರಿಕ್ವೆಸ್ಟ್ ಬಂತು, ಅಂದ್ರೆ ವೀಸಾ ಹಾಕೋಕೆ ಪಾಸ್‌ಪೋರ್ಟ್ ಕಳಿಸಿ ಅಂತ. ಯುಪಿಐ 36 ಪೇಜ್ ಹಾಕಿದ್ದೆ. ನಿಮ್ದೂ ಬರ್ಲಿ ಸಿಸ್ಟರ್.

ಫೈಲ್‌ಹುಳು · ಫೆಬ್ರವರಿ 23, ಬೆಳಗ್ಗೆ 6:40

ಮೆಡಿಕಲ್ ಲೆಟರ್ ಬಂದ್ರೆ 30 ದಿನದೊಳಗೆ ಅವ್ರು ಕೊಟ್ಟಿರೋ ಲಿಸ್ಟ್‌ನಲ್ಲಿರೋ ಡಾಕ್ಟರ್ ಹತ್ರಾನೇ ಮಾಡ್ಸಿ, ನಿಮ್ಮ ಫ್ಯಾಮಿಲಿ ಡಾಕ್ಟರ್ ಆಗಲ್ಲ. ಪೊಲೀಸ್ ಕ್ಲಿಯರೆನ್ಸ್ ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲಿ. ಮೇಲ್‌ನ ಸ್ಪ್ಯಾಮ್ ಫೋಲ್ಡರ್ ದಿನಾ ನೋಡಿ. ಮತ್ತೆ ಅಜ್ಜಿಗೆ ಹೇಳಿ, ಅವ್ರು ಲ್ಯಾಂಡ್‌ಲೈನ್‌ಗೆ ಮಾಡೋದು ಕಮ್ಮಿ.